ಎರಡು ಕೋಶಗಳ ಗಡುವು

ತದ್ರೂಪಿ ಪ್ರಾಣಿಗಳ ಸುದ್ದಿ ಬಂದಾಗಲೆಲ್ಲ ಕಿರುತೆರೆಯ ಮೇಲೆ ನೀವು ನೋಡುವುದು ಒಂದೇ ದೃಶ್ಯ. ದುಂಡನೆಯ ಅಂಡಾಣು, ಅದನ್ನು ಒಂದು ಕಡೆಯಿಂದ ಹಿಡಿದ ಮೊಂಡು ಗಾಜಿನ ನಳಿಗೆ, ಇನ್ನೊಂದು ಕಡೆಯಿಂದ ಚುಚ್ಚುವ ಚೂಪಾದ ನಳಿಗೆ. ಕೆಲವೇ ಸೆಕೆಂಡುಗಳ ಈ ಚಿತ್ರವೆಂದರೆ ಕಾರ್ಯಕ್ರಮ ತಯಾರಿಸುವ ನಮಗೆ ಬಹಳ ಇಷ್ಟ. ಆದರೆ ಎಲ್ಲವೂ ಅಲ್ಲಿಗೇ ಮುಗಿಯಿತೆಂದು ನೀವು ತಿಳಿಯಬಾರದು. ಈ ವಿಜ್ಞಾನದ ಚರಿತ್ರೆಯಲ್ಲಿ ಸೋಲು ಗೆಲುವುಗಳು ತೀರ್ಮಾನವಾದದ್ದು ಸೂಜಿ ಹೊರಬಂದ ಮೇಲೆ, ಅಂಡಾಣು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುವ ಮೊದಲ ಕೆಲವು ದಿನಗಳಲ್ಲಿ.

ಪ್ರಶ್ನೆ ಹಳೆಯದು. ಬೆಳೆದ ಜೀವಿಯ ಕೋಶವೊಂದರ ಕೋಶಕೇಂದ್ರದಲ್ಲಿ ಇಡೀ ಜೀವಿಯನ್ನು ಮತ್ತೆ ಕಟ್ಟುವ ಮಾಹಿತಿ ಉಳಿದಿರುತ್ತದೆಯೆ? ಜರ್ಮನಿಯ ಹಾನ್ಸ್ ಶ್ಪೆಮಾನ್ ಎಳೆಗೂಸಿನ ಕೂದಲಿನಿಂದ ಸಾಲಮಾಂಡರ್ ಮೊಟ್ಟೆಯ ನಡುವನ್ನು ಬಿಗಿದು, ಕೋಶಕೇಂದ್ರ ಒಂದೇ ಪಕ್ಕದಲ್ಲಿ ಉಳಿಯುವಂತೆ ಮಾಡಿದರು. ಆ ಪಕ್ಕ 16 ಕೋಶಗಳಾದಾಗ ಒಂದು ಕೋಶಕೇಂದ್ರ ಈಚೆಗೆ ಜಾರಿ ಬರಲು ಬಿಟ್ಟರು. ಈಚಿನ ಭಾಗವೂ ಪೂರ್ಣ ಭ್ರೂಣವಾಯಿತು! 1952ರಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಕಿಂಗ್ ಕಪ್ಪೆಯ ಭ್ರೂಣಕೋಶಗಳ ಕೇಂದ್ರಗಳನ್ನು ಅಂಡಾಣುಗಳಿಗೆ ವರ್ಗಾಯಿಸಿ ಗೊದಮೊಟ್ಟೆಗಳನ್ನು ಪಡೆದರು. 1962ರಲ್ಲಿ ಆಕ್ಸ್‌ಫರ್ಡಿನ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ಕೋಶಗಳಿಂದಲೇ ಇದನ್ನು ಸಾಧಿಸಿದರು. ಅದಕ್ಕೆ ನೊಬೆಲ್ ಬಹುಮಾನ ಸಿಕ್ಕಿದ್ದು ಐವತ್ತು ವರ್ಷಗಳ ನಂತರ, 2012ರಲ್ಲಿ.

ಸಸ್ತನಿಗಳ ಕಥೆ ಬೇರೆ. ಕಪ್ಪೆಯ ಮೊಟ್ಟೆ ಬರಿಗಣ್ಣಿಗೆ ಕಾಣುವ ಕಾಳು. ಸಸ್ತನಿಯ ಅಂಡಾಣು ಮಿಲಿಮೀಟರಿನ ಹತ್ತನೇ ಒಂದು ಭಾಗ. ಪ್ರಯೋಗಾಲಯದಲ್ಲಿ ಎಲ್ಲರ ಕೈಗೆ ಸಿಗುವ ಸಸ್ತನಿ ಇಲಿ. ಆದ್ದರಿಂದ ಎಲ್ಲರೂ ಇಲಿಯಿಂದಲೇ ಆರಂಭಿಸಿದರು. 1981ರಲ್ಲಿ ಇಲಿಯನ್ನು ತದ್ರೂಪು ಮಾಡಿದೆವೆಂದು ಇಲ್ಮೆನ್‌ಸೀ ಮತ್ತು ಹೊಪ್ಪೆ ಪ್ರಕಟಿಸಿದರು. ಬೇರೆ ಪ್ರಯೋಗಾಲಯಗಳಿಗೆ ಅದು ಕೈಗೂಡಲಿಲ್ಲ.

ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಮೆಕ್‌ಗ್ರಾತ್ ಮತ್ತು ಸೋಲ್ಟರ್ ಬಹಳ ಅಚ್ಚುಕಟ್ಟಾಗಿ ಪ್ರಯೋಗ ಮಾಡಿದರು. ಆಗತಾನೆ ಫಲಿತವಾದ ಇಲಿಯ ಅಂಡಾಣುವಿನಿಂದ ಕೋಶಕೇಂದ್ರಗಳನ್ನು ತೆಗೆದು, ಅಂತಹದೇ ಇನ್ನೊಂದು ಅಂಡಾಣುವಿನ ಕೇಂದ್ರಗಳನ್ನು ಇಟ್ಟರೆ ಭ್ರೂಣ ಚೆನ್ನಾಗಿ ಬೆಳೆಯಿತು. ಎರಡು ಕೋಶಗಳ ಭ್ರೂಣದಿಂದ ತಂದ ಕೇಂದ್ರವನ್ನು ಇಟ್ಟರೆ ಕೆಲವು ಮಾತ್ರ ಮುಂದುವರಿದವು. ನಾಲ್ಕು ಅಥವಾ ಎಂಟು ಕೋಶಗಳ ಭ್ರೂಣದಿಂದ ತಂದರೆ ಒಂದೂ ಇಲ್ಲ. 1984ರಲ್ಲಿ ಅವರು ಸೈನ್ಸ್ ಪತ್ರಿಕೆಯಲ್ಲಿ, ಸರಳ ಕೇಂದ್ರ ವರ್ಗಾವಣೆಯಿಂದ ಸಸ್ತನಿಗಳ ತದ್ರೂಪು ಸೃಷ್ಟಿ ಜೈವಿಕವಾಗಿ ಅಸಾಧ್ಯವೆಂದು ತೀರ್ಮಾನಿಸಿದರು. ಗಮನಿಸಿ, ಅವರ ಪ್ರಯೋಗದಲ್ಲಿ ದೋಷವಿರಲಿಲ್ಲ. ಇಲಿಯ ಉತ್ತರವನ್ನು ಎಲ್ಲ ಸಸ್ತನಿಗಳ ಉತ್ತರವೆಂದು ಓದಿದ್ದು ಮಾತ್ರ ಅವಸರವಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಭ್ರೂಣದ ಮೊದಲ ವಿಭಜನೆಗಳು ವಿಚಿತ್ರವಾದವು. ಕೋಶಗಳ ಸಂಖ್ಯೆ ಹೆಚ್ಚುತ್ತದೆ, ಒಟ್ಟು ಗಾತ್ರ ಹೆಚ್ಚುವುದಿಲ್ಲ. ರೊಟ್ಟಿಯನ್ನು ತುಂಡು ಮಾಡಿದಂತೆ. ಆಗ ಭ್ರೂಣದ ಸ್ವಂತ ಜೀನುಗಳು ಹೆಚ್ಚುಕಡಿಮೆ ಮಲಗಿರುತ್ತವೆ. ಕೆಲಸ ನಡೆಯುವುದು ಅಂಡಾಣು ಬೆಳೆಯುವಾಗಲೇ ತಾಯಿ ಕೂಡಿಟ್ಟ ಆರ್.ಎನ್.ಎ. ಮತ್ತು ಪ್ರೋಟೀನುಗಳಿಂದ, ಎಂದರೆ ತಾಯಿ ಕಟ್ಟಿಕೊಟ್ಟ ಬುತ್ತಿಯಿಂದ. ಬುತ್ತಿ ತೀರುವ ಹೊತ್ತಿಗೆ ಭ್ರೂಣ ತನ್ನ ಒಲೆಯನ್ನು ತಾನೇ ಹೊತ್ತಿಸಿಕೊಳ್ಳಬೇಕು. ಇಲಿಯಲ್ಲಿ ಈ ಗಡುವು ಎರಡು ಕೋಶಗಳ ಹಂತದಲ್ಲೇ ಬರುತ್ತದೆ. ಮನುಷ್ಯನಲ್ಲಿ ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ, ಕುರಿ ಮತ್ತು ಹಸುವಿನಲ್ಲಿ ಎಂಟರಿಂದ ಹದಿನಾರು ಕೋಶಗಳ ಹಂತದಲ್ಲಿ.

ಹೊರಗಿನಿಂದ ತಂದ ಕೇಂದ್ರ ತನ್ನ ಹಳೆಯ ಕಸುಬನ್ನು ಮರೆತು ಮೊದಲಿನಿಂದ ಆರಂಭಿಸಬೇಕಾದದ್ದು ಈ ಅವಧಿಯಲ್ಲೇ. ಇಲಿಯಲ್ಲಿ ಅದಕ್ಕೆ ಸಿಗುವುದು ಒಂದೇ ಒಂದು ವಿಭಜನೆ. ಕುರಿಯಲ್ಲಿ ಮೂರು ನಾಲ್ಕು. ಎಲ್ಲರ ಕೈಗೆ ಸುಲಭವಾಗಿ ಸಿಗುತ್ತಿದ್ದ ಪ್ರಾಣಿಯೇ ಅತ್ಯಂತ ಕಠಿಣವಾದದ್ದು ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಕೇಂಬ್ರಿಡ್ಜಿನಲ್ಲಿದ್ದ ಡೆನ್ಮಾರ್ಕ್ ಮೂಲದ ಸ್ಟೀನ್ ವಿಲ್ಲಾಡ್ಸನ್ ಕುರಿಗಳೊಡನೆ ಕೆಲಸ ಮಾಡುತ್ತಿದ್ದರು. ಅಸಾಧ್ಯವೆಂಬ ಮಾತಿಗೆ ಅವರು ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ. ಇನ್ನೂ ಫಲಿತವಾಗದ ಅಂಡಾಣುವನ್ನು ಎರಡು ಹೋಳು ಮಾಡಿ, ವರ್ಣತಂತುಗಳಿಲ್ಲದ ಹೋಳಿಗೆ ಎಂಟು ಅಥವಾ ಹದಿನಾರು ಕೋಶಗಳ ಭ್ರೂಣದ ಒಂದು ಕೋಶವನ್ನು ಬೆಸೆದರು. 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಜೀವಂತ ಕುರಿಮರಿಗಳ ವರದಿ ಬಂತು. ಫಲಿತವಾಗದ ಅಂಡಾಣುವನ್ನು ಬಳಸಿದ್ದೂ ಮುಖ್ಯವೇ. ಅದರ ಕೋಶದ್ರವದಲ್ಲಿರುವ ಒಂದು ಅಂಶ ಒಳಬಂದ ಕೇಂದ್ರದ ಪೊರೆಯನ್ನು ಕರಗಿಸಿ ವರ್ಣತಂತುಗಳನ್ನು ಮುದುಡಿಸುತ್ತದೆ.

ಆದರೆ ಅದರಿಂದಲೇ ತೊಂದರೆಯೂ ಇತ್ತು. ತನ್ನ ಡಿ.ಎನ್.ಎ.ಯನ್ನು ಆಗಲೇ ಇಮ್ಮಡಿ ಮಾಡಿಕೊಂಡ ಕೋಶ ಇಂತಹ ಅಂಡಾಣುವಿನೊಳಗೆ ಹೋದರೆ ಡಿ.ಎನ್.ಎ. ಮತ್ತೊಮ್ಮೆ ಇಮ್ಮಡಿಯಾಗಿ ವರ್ಣತಂತುಗಳ ಲೆಕ್ಕ ತಪ್ಪುತ್ತದೆ. ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ ಕೀತ್ ಕ್ಯಾಂಪ್‌ಬೆಲ್ ಹಿಡಿದದ್ದು ಈ ಎಳೆಯನ್ನು. ದಾನಿ ಕೋಶಗಳಿಗೆ ಕೆಲವು ದಿನ ಪೋಷಕ ಸೀರಮ್ ಕಡಿಮೆ ಮಾಡಿ, ವಿಭಜನೆ ನಿಲ್ಲಿಸಿ ಮೌನವಾಗಿರುವ ಸ್ಥಿತಿಗೆ ಅವುಗಳನ್ನು ತಂದರು. ಹೀಗೆ ಹುಟ್ಟಿದವು ಮೇಗನ್ ಮತ್ತು ಮೊರಾಗ್ (1995). ಅನಂತರ, 1996ರ ಜುಲೈ 5ರಂದು, ಆರು ವರ್ಷದ ಕುರಿಯ ಕೆಚ್ಚಲಿನ ಕೋಶದಿಂದ ಡಾಲಿ. ಹೆಸರು ಹೆಚ್ಚು ಕೇಳಿಬಂದದ್ದು ಇಯಾನ್ ವಿಲ್ಮಟ್ ಅವರದು. ನನ್ನ ಮಟ್ಟಿಗೆ ಕ್ಯಾಂಪ್‌ಬೆಲ್ ಅವರ ಪಾಲು ದೊಡ್ಡದು, ವಿಲ್ಮಟ್ ಅವರೂ ಅದನ್ನು ಮುಂದೆ ಒಪ್ಪಿಕೊಂಡರು.

ಡಾಲಿಯ ಲೆಕ್ಕವನ್ನು ನೀವು ತಿಳಿದಿರಬೇಕು. ಬೆಸೆದ ಅಂಡಾಣುಗಳು 277. ಆರು ದಿನ ಕುರಿಯ ಅಂಡನಾಳದಲ್ಲಿ ಬೆಳೆಸಿದ ಮೇಲೆ ವರ್ಗಾವಣೆಗೆ ಯೋಗ್ಯವಾಗಿ ಉಳಿದವು 29. ಅವನ್ನು 13 ಕುರಿಗಳ ಗರ್ಭದಲ್ಲಿ ಇಟ್ಟರು. ಹುಟ್ಟಿದ್ದು ಒಂದು ಮರಿ. ಉಳಿದವುಗಳಲ್ಲಿ ಬಹುಪಾಲು ಆ ಮೊದಲ ವಾರದಲ್ಲೇ ನಿಂತುಹೋಗಿದ್ದವು.

ಇಲಿಯೂ ಕೊನೆಗೆ ಸೋತಿತು. ಹವಾಯಿ ವಿಶ್ವವಿದ್ಯಾನಿಲಯದಲ್ಲಿ ವಾಕಾಯಾಮಾ ಮತ್ತು ಯಾನಾಗಿಮಾಚಿ ಅವರ ತಂಡ, ಅಂಡಾಣುವಿನ ಸುತ್ತ ಅಂಟಿಕೊಂಡಿರುವ ಕ್ಯುಮ್ಯುಲಸ್ ಕೋಶದ ಕೇಂದ್ರವನ್ನು ಸೂಜಿಯಿಂದ ಒಳಗಿಟ್ಟಿತು. ಕೂಡಲೇ ಅಂಡಾಣುವನ್ನು ಎಚ್ಚರಿಸಲಿಲ್ಲ. ಒಂದರಿಂದ ಆರು ಗಂಟೆ ಕಾಯಿತು. ಗಡುವನ್ನು ಮುಂದೂಡಲಾಗದಿದ್ದರೆ ಆರಂಭವನ್ನಾದರೂ ತಡಮಾಡೋಣ ಎಂಬ ಜಾಣತನ! 1997ರ ಅಕ್ಟೋಬರಿನಲ್ಲಿ ಕ್ಯುಮ್ಯುಲಿನಾ ಹುಟ್ಟಿದಳು.

ಹಾಗಾದರೆ ಉಳಿದ ಭ್ರೂಣಗಳಲ್ಲಿ ಕೆಡುವುದೇನು? 2001ರ ಹೊತ್ತಿಗೆ ಹಸುವಿನ ತದ್ರೂಪಿ ಭ್ರೂಣಗಳಲ್ಲಿ ಒಂದು ಸುಳಿವು ಸಿಕ್ಕಿತು. ಡಿ.ಎನ್.ಎ.ಗೆ ಅಂಟಿಕೊಂಡು ಜೀನುಗಳನ್ನು ಮುಚ್ಚಿಡುವ ಮೀಥೈಲ್ ಗುರುತುಗಳು ಸಹಜ ಭ್ರೂಣದಲ್ಲಿ ಮೊದಲ ದಿನಗಳಲ್ಲೇ ಬಹುಮಟ್ಟಿಗೆ ಅಳಿಯುತ್ತವೆ. ತದ್ರೂಪಿಯಲ್ಲಿ ಅವು ಅರೆಬರೆ ಉಳಿದುಬಿಡುತ್ತವೆ. ಹೊರಗೆ ನೋಡಲು ಭ್ರೂಣ ಸರಿಯಾಗಿಯೇ ಇರುತ್ತದೆ. ಒಳಗೆ ಕೆಚ್ಚಲಿನ ಅಥವಾ ಚರ್ಮದ ನೆನಪು ಹೋಗಿರುವುದಿಲ್ಲ. ಮಾಸು ಸರಿಯಾಗಿ ಬೆಳೆಯದೆ ಗರ್ಭದಲ್ಲೇ ಸಾಯುವ ತದ್ರೂಪಿಗಳೂ ಹಲವು.

ನಮ್ಮ ದೇಶದಲ್ಲಿ ಕರ್ನಾಲದ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ 2009ರಲ್ಲಿ ತದ್ರೂಪಿ ಎಮ್ಮೆಕರುಗಳನ್ನು ಪಡೆಯಿತು. ಮೊದಲ ಕರು ಕೆಲವೇ ದಿನ ಬದುಕಿತು. ಅದೇ ವರ್ಷ ಜೂನ್‌ನಲ್ಲಿ ಹುಟ್ಟಿದ ಗರಿಮಾ ಎರಡು ವರ್ಷವಿತ್ತು.

2014ರಲ್ಲಿ ಅಮೆರಿಕದ ಯಿ ಜಾಂಗ್ ಅವರ ತಂಡ ಇನ್ನೊಂದು ಬೀಗವನ್ನು ಗುರುತಿಸಿತು. ಡಿ.ಎನ್.ಎ. ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನಿನ ಮೇಲಿನ ಗುರುತು ಅದು. ಅದನ್ನು ಅಳಿಸುವ ಕಿಣ್ವದ ಆರ್.ಎನ್.ಎ. ಸೇರಿಸಿದಾಗ, ಎರಡು ಕೋಶಗಳ ಹಂತದಲ್ಲಿ ಮುಗ್ಗರಿಸುತ್ತಿದ್ದ ಇಲಿಯ ಭ್ರೂಣಗಳು ದಾಟಿದವು. ಇದೇ ಉಪಾಯವನ್ನು ಬಳಸಿ ಷಾಂಘೈಯ ವಿಜ್ಞಾನಿಗಳು 2018ರ ಜನವರಿಯಲ್ಲಿ ಜೋಂಗ್ ಜೋಂಗ್, ಹುವಾ ಹುವಾ ಎಂಬ ಎರಡು ತದ್ರೂಪಿ ಕೋತಿಮರಿಗಳನ್ನು ಜಗತ್ತಿಗೆ ತೋರಿಸಿದರು. ಅಲ್ಲಿಯ ಲೆಕ್ಕ: 79 ಭ್ರೂಣಗಳು, 21 ಬಾಡಿಗೆ ತಾಯಂದಿರು, 6 ಗರ್ಭಗಳು, 2 ಮರಿಗಳು.