ಹೆಸರೇ ತೇದಿ: ಪಾರಸಿ ಆಸ್ಥಾನಕವಿಯ ಕಸುಬು ಮತ್ತು ಬೂದಿಕೋಟೆಯ ಹೈದರ್

ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಹೈದರ್ ಅಲಿಯ ಸಮಾಧಿಗೆಂದು ಪಾರಸಿ ಪದ್ಯವೊಂದನ್ನು ಕೊರೆಸಿದ್ದಾರೆ. ಸತ್ತ ವರ್ಷ ಹೇಳಲು ಆ ಕವಿ ಅಂಕಿ ಹುಡುಕಲಿಲ್ಲ. ‘ಹೈದರ್ ಅಲಿ ಖಾನ್ ಬಹಾದ್ದೂರ್’ ಎಂಬ ಹೆಸರನ್ನೇ ಲೆಕ್ಕಕ್ಕೆ ಕೂರಿಸಿದ. ಅಬ್ಜದ್ ಪದ್ಧತಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಬೆಲೆ. ಹೈದರ್ ಎಂದರೆ ಹೇ 8, ಯೇ 10, ದಾಲ್ 4, ರೇ 200, ಒಟ್ಟು 222. ಅಲಿ 110, ಖಾನ್ 651, ಬಹಾದ್ದೂರ್ 212. ಕೂಡಿದರೆ ಹಿಜರಿ 1195. ನಮ್ಮ ಶಾಸನಕವಿಗಳು ಭೂತಸಂಖ್ಯೆಯಲ್ಲಿ ಶಕವರ್ಷ ಹೇಳುತ್ತಿದ್ದರಲ್ಲ, ಅದರ ನೆಂಟ ಇದು.

ಈ ಹೈದರ್ ಹುಟ್ಟಿದ್ದು ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ಗೆ ದೂರವಲ್ಲದ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದ ಮಕ್ಬರಾದಲ್ಲಿದೆ. ಚಾಂಪಿಯನ್ ರೀಫ್ಸ್ ಎಂದರೆ ಕಣ್ಣಿಗೆ ಬರುವುದು ಸೈನೈಡ್ ದಿಬ್ಬಗಳು, ಕಿವಿಗೆ ಬೀಳುವುದು ತಮಿಳು. ಪಾರಸಿಯ ನೆನಪು ಯಾರಿಗಾದರೂ ಏಕೆ ಬರಬೇಕು? ಆದರೆ 1639ರ ಆಸುಪಾಸಿನಲ್ಲಿ ಈ ಸೀಮೆ ಬಿಜಾಪುರದ ಕೈಸೇರಿ, ಶಹಾಜಿಯ ಜಹಗೀರಿಗೆ ಒಳಪಟ್ಟಿತು. ಜಮಾಬಂದಿ, ತಹಸೀಲ್ದಾರ, ಶಿರಸ್ತೇದಾರ ಎಂದು ನಾವು ಈಗಲೂ ಆಡುವುದು ಆ ಆಡಳಿತದ ದಫ್ತರಗಳ ಪಾರಸಿ ಪದಗಳನ್ನೇ.

ಪಾರಸಿ ದರಬಾರಿನಲ್ಲಿ ಕವಿ ಬರಿಯ ಹೊಗಳುಭಟನಲ್ಲ, ಹುದ್ದೆದಾರ. 12ನೇ ಶತಮಾನದ ನಿಜಾಮಿ ಅರೂಜಿ ತನ್ನ ‘ಚಹಾರ್ ಮಖಾಲಾ’ದಲ್ಲಿ ಅರಸನಿಗೆ ಬೇಕಾದವರನ್ನು ಎಣಿಸುತ್ತಾನೆ: ಲಿಪಿಕಾರ, ಕವಿ, ಜ್ಯೋತಿಷಿ, ವೈದ್ಯ. ಅರಸನ ಹೆಸರು ಉಳಿಸುವುದು ಕವಿಯ ಪಾಲಿನ ಕೆಲಸ. ಅರಿಕೇಸರಿಯಿಂದ ಅಗ್ರಹಾರ ಪಡೆದ ಪಂಪನನ್ನು ಬಲ್ಲ ನಮಗೆ ಈ ಕೊಡು–ಕೊಳ್ಳುವಿಕೆ ಹೊಸದೇನಲ್ಲ.

ದಖನ್ನಿನ ಅರಸರಂತೂ ಕವಿಗಳನ್ನು ಕಡಲಾಚೆಯಿಂದ ಕರೆಸಲು ನೋಡಿದರು. ಬಹಮನಿ ಸುಲ್ತಾನ ಎರಡನೆಯ ಮಹಮ್ಮದ್ (1378–97) ಶಿರಾಜಿನ ಹಾಫಿಜನನ್ನು ಆಹ್ವಾನಿಸಿದ. ಹೊರಟ ಕವಿ ಹಾರ್ಮುಜ್‌ನಲ್ಲಿ ಬಿರುಗಾಳಿಗೆ ಹೆದರಿ ಹಡಗಿಳಿದ, ಬದಲಿಗೆ ಗಜಲ್ ಕಳಿಸಿದ ಎನ್ನುತ್ತಾನೆ ಇತಿಹಾಸಕಾರ ಫರಿಷ್ತಾ. ಅವನು ಇದನ್ನು ಬರೆದದ್ದು ಇನ್ನೂರು ವರ್ಷದ ಮೇಲೆ, ಬಿಜಾಪುರದ ಅನ್ನ ಉಂಡು. ಕಥೆಗೆ ಒಂದಿಷ್ಟು ಒಗ್ಗರಣೆ ಬಿದ್ದಿರಬೇಕು. ಬಾರದ ಕವಿಯೂ ಅರಸನ ಹೆಸರನ್ನು ಉಳಿಸಿದ ಎಂಬುದಂತೂ ಸುಳ್ಳಲ್ಲ.

ಇರಾನಿನ ಜುಹೂರಿ ಬಂದೇ ಬಂದ; ಅಹಮದನಗರವನ್ನು ಬಿಟ್ಟು, ಮಾವ ಮಲಿಕ್ ಖುಮ್ಮಿಯಂತೆ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580–1627) ಆಸರೆ ಸೇರಿದ. ಇಲ್ಲಿ ಕಸುಬೇ ತಿರುವುಮುರುವಾಯಿತು. ಹಾಡು ಕಟ್ಟಿದವನು ಅರಸ. ಅವನ ‘ಕಿತಾಬ್–ಎ–ನೌರಸ್’ಗೆ ಪಾರಸಿ ಮುನ್ನುಡಿ ಬರೆದವನು ಜುಹೂರಿ. ಗೀತೆಗಳ ಭಾಷೆ ದಖನಿ. ಮುಂದೆ ಅಲ್ಲಿಯ ಕವಿ ನುಸ್ರತಿ ಎರಡನೆಯ ಅಲಿ ಆದಿಲ್‌ಶಾಹನ ಯುದ್ಧಗಳನ್ನು ‘ಅಲಿನಾಮಾ’ದಲ್ಲಿ ಬರೆದದ್ದೂ ದಖನಿಯಲ್ಲೇ.

ಮತ್ತೆ ಗುಂಬಜಿಗೆ. ಹೈದರ್ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು. ಅದು ಹಿಜರಿ 1196 ಕಳೆದು 1197 ಹುಟ್ಟುವ ಹೊತ್ತು. ಹೆಸರಿನ ಮೊತ್ತ ಒಂದೆರಡು ವರ್ಷ ಹಿಂದೆ ಬೀಳುತ್ತದೆ. ಇಷ್ಟು ಹತ್ತಿರ ಬಂದ ಹೆಸರನ್ನು ಕವಿ ಬಿಟ್ಟುಕೊಡಲಾರದೆ ಹೋದ ಎಂದು ನನ್ನ ಊಹೆ. ಟಿಪ್ಪುವೂ ತಿದ್ದಿಸಲಿಲ್ಲ, ಕಲ್ಲಿನ ಮೇಲೆ ತಂದೆಯ ಹೆಸರು ಇಡಿಯಾಗಿ ಇತ್ತಲ್ಲ.