ಲೋಯರ್ ಆರ್ಮ್ ಮತ್ತು ಬುಷ್: ಎಷ್ಟು ಕಿಲೋಮೀಟರ್ ಬಾಳಬೇಕು?

ಕಾರಿನ ಮುಂದಿನ ಚಕ್ರವನ್ನು ಚಾಸಿಗೆ ಕೂಡಿಸುವ, ಅಡಿಯಲ್ಲಿ ಅಡ್ಡಲಾಗಿ ಚಾಚಿರುವ ಕಬ್ಬಿಣದ ತೋಳಿಗೆ ಕಂಪನಿಯ ಪುಸ್ತಕದಲ್ಲಿ ಕಂಟ್ರೋಲ್ ಆರ್ಮ್ ಎಂದು ಹೆಸರು. ಕಾಸರಗೋಡಿನಿಂದ ಮಂಗಳೂರಿನವರೆಗೆ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಅದು ಲೋಯರ್ ಆರ್ಮ್. ‘ಬುಷ್ ಹೋಗಿದೆ, ಎರಡೂ ಆರ್ಮ್ ಹಾಕಬೇಕು’ ಎಂದು ಮೆಕ್ಯಾನಿಕ್ ಹೇಳಿದಾಗ ನಮ್ಮಲ್ಲಿ ಹೆಚ್ಚಿನವರು ಕೇಳುವುದು ಒಂದೇ ಮಾತು: ಇಷ್ಟು ಬೇಗವೇ? ಹೊಸ ಕಾರು ಕೊಂಡವರಿಗೂ, ಹಳೆಯದನ್ನು ಇನ್ನೆರಡು ಮಳೆಗಾಲ ಓಡಿಸೋಣ ಎಂದುಕೊಂಡವರಿಗೂ ಉಪಯೋಗವಾಗಲಿ ಎಂದು ಈ ಟಿಪ್ಪಣಿಯನ್ನು ಕೊಡುತ್ತಿದ್ದೇವೆ.

ಮೊದಲು ಲೆಕ್ಕ ಹೇಳಿಬಿಡುತ್ತೇವೆ. ಒಳ್ಳೆಯ ಡಾಂಬರು ರಸ್ತೆಯಲ್ಲೇ ಹೆಚ್ಚು ಓಡುವ ಕಾರಿನ ಬುಷ್ ಮತ್ತು ಬಾಲ್ ಜಾಯಿಂಟ್ ಒಂದು ಲಕ್ಷ ಕಿ.ಮೀ. ದಾಟುವುದು ಸಾಮಾನ್ಯ. ಗುಂಡಿ, ಹಂಪು, ಮಣ್ಣಿನ ದಾರಿ ಹೆಚ್ಚಿದ್ದರೆ 50,000ದಿಂದ 80,000 ಕಿ.ಮೀ. ನಡುವೆ ಸದ್ದು ಶುರುವಾದರೆ ಅಚ್ಚರಿಪಡಬೇಕಾಗಿಲ್ಲ. 20,000ಕ್ಕೇ ಹೋದರೆ ಮಾತ್ರ ಅನುಮಾನಿಸಬೇಕು: ಒಂದೋ ಭಾಗ ನಕಲಿ, ಇಲ್ಲವೇ ಜೋಡಿಸಿದ ಕ್ರಮ ತಪ್ಪು. ಇನ್ನು ಆರ್ಮ್, ಅಂದರೆ ಆ ಲೋಹದ ತೋಳು, ಪೆಟ್ಟು ತಿನ್ನದಿದ್ದರೆ ಮತ್ತು ತುಕ್ಕು ಹಿಡಿಯದಿದ್ದರೆ ಕಾರಿನಷ್ಟೇ ಕಾಲ ಬಾಳಬಲ್ಲದು. ಸವೆಯುವುದು ಅದರ ತುದಿಗಳಲ್ಲಿರುವ ರಬ್ಬರ್ ಮತ್ತು ಬಾಲ್ ಜಾಯಿಂಟ್.

ಒಳಗೆ ಏನಿದೆ?

ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಮುಂಭಾಗಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಜೋಡಣೆ ಇರುತ್ತದೆ. ಮೇಲೆ ಸ್ಪ್ರಿಂಗ್ ಸಹಿತವಾದ ಶಾಕ್ ಅಬ್ಸಾರ್ಬರ್, ಕೆಳಗೆ ಒಂದೇ ಆರ್ಮ್. ಇನ್ನೋವಾದಂಥ ಗಾಡಿಗಳಲ್ಲಿ ಮೇಲೊಂದು ಕೆಳಗೊಂದು, ಹೀಗೆ ಪ್ರತಿ ಚಕ್ರಕ್ಕೆ ಎರಡು ಆರ್ಮ್. ಸಾಮಾನ್ಯವಾಗಿ ಆರ್ಮಿನ ಒಳತುದಿಯಲ್ಲಿ ಎರಡು ಬುಷ್, ಹೊರತುದಿಯಲ್ಲಿ ಒಂದು ಬಾಲ್ ಜಾಯಿಂಟ್.

ಬುಷ್ ಎಂದರೆ ಒಂದರೊಳಗೊಂದು ಕೂತ ಎರಡು ಲೋಹದ ಕೊಳವೆ, ಅವುಗಳ ನಡುವೆ ಅಂಟಿಸಿ ಬೇಯಿಸಿದ ರಬ್ಬರ್. ಇಲ್ಲಿ ಯಾವುದೂ ಜಾರುವುದಿಲ್ಲ, ತಿರುಗುವುದೂ ಇಲ್ಲ. ಚಕ್ರ ಮೇಲೆ ಕೆಳಗೆ ಆಡುವಾಗ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ದಿನಕ್ಕೆ ಸಾವಿರಾರು ಸಲ ಹೀಗೆ ತಿರುಚಿದರೂ ಹರಿಯದಿರುವ ಗುಣದಲ್ಲಿ ನೈಸರ್ಗಿಕ ರಬ್ಬರಿಗೆ ಸಾಟಿ ಕಡಿಮೆ. ಆದ್ದರಿಂದ ಬುಷ್‌ಗಳಿಗೆ ಹೆಚ್ಚಾಗಿ ಅದೇ ಬಳಕೆ. ನಮ್ಮ ಗುಡ್ಡಗಳ ತೋಟದಲ್ಲಿ ಟ್ಯಾಪಿಂಗ್ ಮಾಡಿ ಹಾಳೆ ಮಾಡುವ ಅದೇ ರಬ್ಬರ್.

ಎರಡು ಬುಷ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನದು ಗಟ್ಟಿ. ತಿರುವಿನಲ್ಲಿ ಬರುವ ಅಡ್ಡ ಬಲವನ್ನು ಅದು ತಾಳಿಕೊಳ್ಳಬೇಕು. ಹಿಂದಿನದು ದೊಡ್ಡದು, ಮೆತ್ತಗೆ. ರಬ್ಬರಿನ ನಡುವೆ ಬೇಕೆಂದೇ ಬಿಟ್ಟ ಕಿಂಡಿಗಳಿರುತ್ತವೆ. ಚಕ್ರ ಗುಂಡಿಗೆ ಬಿದ್ದಾಗ ಹಿಂದಕ್ಕೆ ಬರುವ ಹೊಡೆತವನ್ನು, ಬ್ರೇಕ್ ಒತ್ತಿದಾಗಿನ ಎಳೆತವನ್ನು ನುಂಗುವುದು ಅದರ ಕೆಲಸ. ಹಾಗಾಗಿ ಬಹುತೇಕ ಕಾರುಗಳಲ್ಲಿ ಮೊದಲು ಹರಿಯುವುದು ಹಿಂದಿನ ಬುಷ್. ಕೆಲವು ದುಬಾರಿ ಕಾರುಗಳಲ್ಲಿ ಇದರೊಳಗೆ ದ್ರವ ತುಂಬಿರುತ್ತದೆ. ಬುಷ್ ಸುತ್ತ ಕಪ್ಪು ಜಿಡ್ಡಿನ ಕಲೆ ಕಂಡರೆ ದ್ರವ ಸೋರಿದೆ ಎಂದೇ ಅರ್ಥ.

ಹಳಬರಿಗೆ ನೆನಪಿರಬಹುದು, ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಮುಂಭಾಗದ ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇರುತ್ತಿತ್ತು. ಸರ್ವಿಸ್ ಎಂದರೆ ಗ್ರೀಸ್ ಗನ್ ಹಿಡಿದು ಹೊಸ ಗ್ರೀಸ್ ಹೊರಬರುವವರೆಗೆ ಒತ್ತುವುದು. ಆ ಕೀಲುಗಳು ಲೋಹಕ್ಕೆ ಲೋಹ ಉಜ್ಜುವಂಥವು, ಗ್ರೀಸ್ ಇಲ್ಲದೆ ಅವಕ್ಕೆ ಬಾಳಿಕೆ ಇರಲಿಲ್ಲ. ಇಂದಿನ ರಬ್ಬರ್ ಬುಷ್‌ಗೆ ಅದೇ ಉಪಚಾರ ಮಾಡಿದರೆ ಕೆಲಸ ಕೆಟ್ಟಿತು. ಪೆಟ್ರೋಲಿಯಂ ಮೂಲದ ಎಣ್ಣೆ, ಗ್ರೀಸ್, ಡೀಸೆಲ್ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ನಮ್ಮೂರಿನಲ್ಲಿ ಆಯುಷ್ಯ ಕಡಿಮೆ ಯಾಕೆ?

ಈ ಎಣ್ಣೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಕರಾವಳಿ ನಮ್ಮದು, ಜೊತೆಗೆ ಉಪ್ಪಿನ ಗಾಳಿ. ತಗಡು ಒತ್ತಿ ಬೆಸೆದು ಮಾಡಿದ ಆರ್ಮಿನ ಒಳಗೆ ನೀರು ನಿಂತು ತುಕ್ಕು ಹಿಡಿಯುವುದು ನಿಜ. ಅದಕ್ಕೆ ಮದ್ದು ಎಂದು ಮಳೆಗಾಲಕ್ಕೆ ಮೊದಲು ಕಾರಿನ ಅಡಿಗೆ ಹಳೆಯ ಎಂಜಿನ್ ಆಯಿಲ್ ಅಥವಾ ಡೀಸೆಲ್ ಹೊಡೆಸುವ ಅಭ್ಯಾಸ ಇನ್ನೂ ಹೋಗಿಲ್ಲ. ಕಬ್ಬಿಣ ಉಳಿಯಿತು, ರಬ್ಬರ್ ಹೋಯಿತು ಎಂಬಂತಾಗುತ್ತದೆ. ತುಕ್ಕಿಗೆ ಒಣಗಿ ಗಟ್ಟಿಯಾಗುವ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿ, ಬುಷ್ ಮತ್ತು ಬಾಲ್ ಜಾಯಿಂಟಿನ ಬೂಟನ್ನು ಮುಚ್ಚಿಟ್ಟು ಹೊಡೆಯಲು ಹೇಳಿ. ಎಂಜಿನ್ ಅಥವಾ ಪವರ್ ಸ್ಟೀಯರಿಂಗಿನಿಂದ ಆಯಿಲ್ ಸೋರಿ ಬುಷ್ ಮೇಲೆ ತೊಟ್ಟಿಕ್ಕುತ್ತಿದ್ದರೆ ಮೊದಲು ಸೋರಿಕೆಯನ್ನು ನಿಲ್ಲಿಸಿ. ಇಲ್ಲವಾದರೆ ಹೊಸ ಬುಷ್ ಹಾಕಿಯೂ ಪ್ರಯೋಜನವಿಲ್ಲ.

ರಸ್ತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೆದ್ದಾರಿ 66ರ ಅಗಲೀಕರಣದ ಕಾಮಗಾರಿ ನಡೆದಷ್ಟು ಕಾಲ ಸರ್ವಿಸ್ ರಸ್ತೆಯ ಗುಂಡಿಗಳಲ್ಲಿ ಓಡಾಡಿದವರಿಗೆಲ್ಲ ಅದು ಗೊತ್ತು. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಒಂದೇ ದೊಡ್ಡ ಹೊಡೆತಕ್ಕೆ ಆರ್ಮ್ ಬಾಗಬಹುದು. ಬಾಗಿದ ಆರ್ಮನ್ನು ಬಿಸಿ ಮಾಡಿ, ಬಡಿದು ನೇರ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಹಾಗೆ ಬಡಿದ ಕಡೆ ಲೋಹದ ಬಲ ಹೋಗಿರುತ್ತದೆ.

ಮನೆಯ ಮುರಕಲ್ಲಿನ ದಾರಿಗೆ ಅಡಿ ತಾಗುತ್ತದೆ ಎಂದು ಸ್ಪ್ರಿಂಗಿಗೆ ಸ್ಪೇಸರ್ ಹಾಕಿಸಿ ಕಾರನ್ನು ಎತ್ತರಿಸುವವರಿದ್ದಾರೆ. ಆಗ ಕಾರು ಸುಮ್ಮನೆ ನಿಂತಾಗಲೂ ಬುಷ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ, ಬಾಲ್ ಜಾಯಿಂಟ್ ಓರೆಯಾಗಿ ಕೂತಿರುತ್ತದೆ. ಎರಡರ ಆಯುಷ್ಯವೂ ಕುಗ್ಗುತ್ತದೆ. ದೊಡ್ಡ ಅಲಾಯ್ ಚಕ್ರಕ್ಕೆ ತೆಳು ಟೈರ್ ಹಾಕಿಸಿದರೂ ಹೀಗೇ, ಟೈರ್ ನುಂಗಬೇಕಾದ ಹೊಡೆತ ಬುಷ್‌ಗೆ ಬರುತ್ತದೆ.

ಕಿ.ಮೀ. ಕಡಿಮೆ ಇದ್ದರೂ ವಯಸ್ಸು ಲೆಕ್ಕಕ್ಕೆ ಬರುತ್ತದೆ. ಗಲ್ಫಿನಲ್ಲಿರುವವರು ವರ್ಷಕ್ಕೊಮ್ಮೆ ಬಂದಾಗ ಮಾತ್ರ ಹೊರತೆಗೆಯುವ ಕಾರಿನ ಬುಷ್ ಎಂಟು ಹತ್ತು ವರ್ಷಗಳಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟಿರಬಹುದು, ಮೀಟರಿನಲ್ಲಿ 30,000 ಇದ್ದರೂ ಸರಿ.

ಸದ್ದು ಕೇಳಿದಾಗ

ಹಂಪು ಇಳಿಯುವಾಗ ‘ಟಕ್’, ಬ್ರೇಕ್ ಹಿಡಿದಾಗ ಒಂದು ‘ಧಡಕ್’, ಬ್ರೇಕ್ ಹಾಕುವಾಗ ಸ್ಟೀಯರಿಂಗ್ ಒಂದು ಬದಿಗೆ ಎಳೆಯುವುದು, ಅಲೈನ್‌ಮೆಂಟ್ ಮಾಡಿಸಿದರೂ ಟೈರಿನ ಒಳಅಂಚು ಸವೆಯುವುದು. ಇವು ಬುಷ್ ಸವೆದ ಲಕ್ಷಣಗಳು. ಆದರೆ ಸಣ್ಣ ಗುಂಡಿಗಳಲ್ಲಿ ಬರುವ ‘ಕಟಕಟ’ ಸದ್ದಿಗೆ ಎಷ್ಟೋ ಸಲ ಕಾರಣ ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡ್. ಆರ್ಮಿನ ಮುಂದೆ ಅದರ ಬೆಲೆ ಬಹಳ ಕಡಿಮೆ. ಎರಡೂ ಆರ್ಮ್ ಬದಲಿಸಿದ ಮೇಲೂ ಸದ್ದು ಉಳಿದು, ಕೊನೆಗೆ ಲಿಂಕ್ ರಾಡ್ ಹಾಕಿದಾಗ ನಿಂತ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಗಾಗಿ ಮೊದಲು ಅದನ್ನು ನೋಡಿಸಿ ಎನ್ನುತ್ತೇವೆ.

ಬುಷ್ ಪರೀಕ್ಷೆಗೆ ಕಾರನ್ನು ರ್‍ಯಾಂಪಿಗೆ ಏರಿಸಿ, ಆರ್ಮಿಗೂ ಚಾಸಿಗೂ ನಡುವೆ ಲಿವರ್ ಹಾಕಿ ಮೀಟಿ ನೋಡುತ್ತಾರೆ. ರಬ್ಬರ್ ಸ್ವಲ್ಪ ಆಡುವುದು ಅದರ ಗುಣವೇ, ದೋಷವಲ್ಲ. ಮೇಲ್ಮೈಯ ಕೂದಲೆಳೆಯಂಥ ಬಿರುಕಿಗೂ ಹೆದರಬೇಕಾಗಿಲ್ಲ. ರಬ್ಬರ್ ಲೋಹದಿಂದ ಬಿಟ್ಟು ಬಂದಿದ್ದರೆ, ಸೀಳು ಒಳಗಿನವರೆಗೆ ಹೋಗಿದ್ದರೆ, ಕೊಳವೆ ನಡುವಿನಿಂದ ಸರಿದಿದ್ದರೆ ಬದಲಿಸಲೇಬೇಕು. ‘ನಾನೂ ಒಮ್ಮೆ ನೋಡಬಹುದೇ?’ ಎಂದು ಕೇಳಿ; ಒಳ್ಳೆಯ ಮೆಕ್ಯಾನಿಕ್ ಟಾರ್ಚ್ ಹಿಡಿದು ತೋರಿಸುತ್ತಾರೆ.

ಬಾಲ್ ಜಾಯಿಂಟಿನ ವಿಷಯ ಬೇರೆ. ಬುಷ್ ಹೋದ ಕಾರು ಸದ್ದು ಮಾಡುತ್ತದೆ, ಟೈರ್ ತಿನ್ನುತ್ತದೆ, ಕೆಲವು ವಾರ ಎಚ್ಚರಿಕೆಯಿಂದ ಓಡಿಸಬಹುದು. ಬಾಲ್ ಜಾಯಿಂಟ್ ಪೂರ್ತಿ ಸವೆದು ಕಳಚಿದರೆ ಚಕ್ರ ಓರೆಯಾಗಿ ಮಗುಚಿ ಕಾರಿನ ಮುಂಭಾಗ ನೆಲಕ್ಕೆ ಕೂರುತ್ತದೆ, ಸ್ಟೀಯರಿಂಗ್ ಇದ್ದೂ ಇಲ್ಲದಂತೆ. ಪಾಣತ್ತೂರಿನಿಂದ ಕರಿಕೆ, ಭಾಗಮಂಡಲದ ಕಡೆ ಘಾಟಿ ಹತ್ತುವ ದಾರಿಯಲ್ಲಿ ಹಾಗಾದರೆ ಏನಾದೀತು ಎಂದು ವಿವರಿಸಬೇಕಾಗಿಲ್ಲ. ಇದರ ಆಯುಷ್ಯ ನಿಂತಿರುವುದು ಸಣ್ಣ ರಬ್ಬರ್ ಬೂಟಿನ ಮೇಲೆ. ಬೂಟ್ ಹರಿದರೆ ಕೆಸರುನೀರು, ಮರಳು ಒಳಗೆ ಹೋಗಿ ಗ್ರೀಸ್ ಕೆಟ್ಟು ಒಂದೇ ಮಳೆಗಾಲದಲ್ಲಿ ಜಾಯಿಂಟ್ ಸವೆಯಬಹುದು. ಜಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಲೊಡಲೊಡ ಎಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಎರಡರಲ್ಲೊಂದು ಸವೆದಿದೆ. ಅಂಥ ಕಾರಿನಲ್ಲಿ ಮನೆಯವರನ್ನು ಕೂರಿಸಿ ಮಂಗಳೂರಿನ ಆಸ್ಪತ್ರೆಗೆ ಹೊರಡಬೇಡಿ, ಆ ದಿನ ಬಾಡಿಗೆ ಕಾರು ಹಿಡಿಯಿರಿ.

ಬದಲಿಸುವಾಗ

ಬುಷ್ ಮಾತ್ರ ಹಾಕುವುದೋ, ಆರ್ಮನ್ನೇ ಬದಲಿಸುವುದೋ? ಬಾಲ್ ಜಾಯಿಂಟ್ ಗಟ್ಟಿಯಿದ್ದು ಆರ್ಮಿಗೆ ತುಕ್ಕಿಲ್ಲದಿದ್ದರೆ ಬುಷ್ ಸಾಕು, ಆದರೆ ಹೈಡ್ರಾಲಿಕ್ ಪ್ರೆಸ್ ಇರುವ ಕಡೆ ಮಾಡಿಸಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಬುಷ್ ಬಾಳುವುದಿಲ್ಲ. ಕಿಂಡಿಗಳಿರುವ ಬುಷ್ ಹಳೆಯದು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಕೂರಬೇಕು. ಮೂರೂ ಸವೆದಿದ್ದರೆ ಪೂರ್ತಿ ಆರ್ಮ್ ಹಾಕಿಸುವುದೇ ಲಾಭ, ಕೂಲಿ ಒಮ್ಮೆ ಕೊಟ್ಟರಾಯಿತು. ಪಾಲಿಯುರೆಥೇನ್ ಬುಷ್ ಹೆಚ್ಚು ಬಾಳುತ್ತದೆ ಎಂದು ಮಾರುವವರಿದ್ದಾರೆ. ಬಾಳುತ್ತದೆ ನಿಜ, ಆದರೆ ರಸ್ತೆಯ ಅದುರು ಒಳಗೆ ಬರುತ್ತದೆ, ಕಿರುಗುಟ್ಟುವುದೂ ಉಂಟು. ಮನೆಬಳಕೆಯ ಕಾರಿಗೆ ಕಂಪನಿಯ ರಬ್ಬರೇ ಸಾಕು ಎಂಬುದು ನಮ್ಮ ಅಭಿಪ್ರಾಯ.

ಗ್ಯಾರೇಜಿನಲ್ಲಿ ತಪ್ಪದೆ ಹೇಳಬೇಕಾದ ಮಾತು ಇದು: ಬುಷ್‌ನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಒಳಗಿನ ಕೊಳವೆ ಆ ನೇತಾಡುವ ಕೋನದಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರು ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿ, ಹಗಲಿರುಳು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮೊದಲು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಬಳಿಕ, ಅಥವಾ ಆರ್ಮಿನ ಕೆಳಗೆ ಜಾಕ್ ಕೊಟ್ಟು ಅದೇ ಎತ್ತರಕ್ಕೆ ತಂದು, ಆಗ ಬಿಗಿಯಬೇಕು. ‘ಹೊಸ ಬುಷ್ ಆರು ತಿಂಗಳಿಗೇ ಹೋಯಿತು’ ಎಂಬ ದೂರು ಬಂದಲ್ಲಿ ಇದನ್ನೂ ವಿಚಾರಿಸಬೇಕು. ಬಿಚ್ಚಿದ ಲಾಕ್ ನಟ್‌ಗಳನ್ನು ಮತ್ತೆ ಬಳಸದೆ ಹೊಸದು ಹಾಕಿಸಿ, ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬಿಲ್ಲಿನಲ್ಲಿ ಯಾವ ಬದಿಯ ಯಾವ ಭಾಗ, ಮೀಟರಿನಲ್ಲಿ ಎಷ್ಟು ಕಿ.ಮೀ. ಎಂದು ಬರೆಸಿಕೊಂಡು, ಆ ಕಾಗದವನ್ನು ಆರ್.ಸಿ. ಜೊತೆಗೇ ಇಟ್ಟುಕೊಳ್ಳಿ.