ಸೀಕ್ವೆನ್ಸರ್: ಸ್ವರಗಳನ್ನು ಹೆಜ್ಜೆ ಹೆಜ್ಜೆಯಾಗಿ ತುಂಬುವ ಕ್ರಮ

ಕೀಬೋರ್ಡ್ ಸಿಂಥಸೈಜರ್‌ನಲ್ಲಿ ಸ್ವರಗಳನ್ನು ನೆನಪಿಟ್ಟುಕೊಂಡು ತಾನಾಗಿಯೇ ಮರುನುಡಿಸುವ ಭಾಗಕ್ಕೆ ಸೀಕ್ವೆನ್ಸರ್ ಎಂದು ಹೆಸರು. ಇದು ಟೇಪ್ ರೆಕಾರ್ಡರಿನಂತೆ ನಾದವನ್ನು ಮುದ್ರಿಸಿಕೊಳ್ಳುವುದಿಲ್ಲ. ಯಾವ ಸ್ವರ, ಯಾವ ಕ್ಷಣದಲ್ಲಿ, ಎಷ್ಟು ಹೊತ್ತು ಎಂಬ ಲೆಕ್ಕವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಒಮ್ಮೆ ತುಂಬಿದ ಸ್ವರಪಂಕ್ತಿಯನ್ನು ಶ್ರುತಿ ಕೆಡದಂತೆ ನಿಧಾನವಾಗಿಯೂ ವೇಗವಾಗಿಯೂ ನುಡಿಸಬಹುದು, ಕೊಳಲಿನ ಧ್ವನಿಯನ್ನು ತೆಗೆದು ತಂತಿಯ ಧ್ವನಿಯನ್ನು ಕೊಡಬಹುದು.

ಸ್ವರ ತುಂಬಲು ಎರಡು ದಾರಿಗಳುಂಟು. ಮೊದಲನೆಯದು, ತಾಳದ ಟಿಕ್ ಟಿಕ್ ಸದ್ದಿಗೆ ಹೊಂದಿಕೊಂಡು ನೇರವಾಗಿ ನುಡಿಸುವುದು. ಎರಡನೆಯದು ಸ್ಟೆಪ್ ರೆಕಾರ್ಡಿಂಗ್. ಇಲ್ಲಿ ಗಡಿಯಾರ ಓಡುವುದಿಲ್ಲ. ಕೀ ಒತ್ತಿದಾಗ ಒಂದು ಸ್ವರ ದಾಖಲಾಗಿ ಯಂತ್ರವು ಮುಂದಿನ ಹೆಜ್ಜೆಗೆ ಸರಿದು ಕಾಯುತ್ತದೆ, ಅದು ಒಂದು ಕ್ಷಣವಾಗಲಿ, ಅರ್ಧ ಗಂಟೆಯಾಗಲಿ. ಬೆರಳುಗಳಲ್ಲಿ ವೇಗವಿಲ್ಲದವರಿಗೆ ಇದು ವರದಾನ; ವೇಗವುಳ್ಳವರಿಗೂ ನಿಮಿಷಗಟ್ಟಲೆ ಒಂದೇ ಸಮನೆ ಸಾಗಬೇಕಾದ ಮಂದ್ರದ ಪಂಕ್ತಿಗಳಿಗೆ ಇದೇ ಆಸರೆ.

ಆರಂಭದಲ್ಲಿ ಈ ಕೆಲಸ ಸಂಗೀತಕ್ಕಿಂತ ಗುಮಾಸ್ತಗಿರಿಗೇ ಹತ್ತಿರವಾಗಿತ್ತು. ಜಪಾನಿನ ರೋಲ್ಯಾಂಡ್ ಸಂಸ್ಥೆ 1977ರಲ್ಲಿ ಹೊರತಂದ ಎಂಸಿ-8 ಯಂತ್ರದಲ್ಲಿ ಪ್ರತಿ ಸ್ವರಕ್ಕೂ ಸ್ಥಾಯಿ, ಹೆಜ್ಜೆಯ ಕಾಲ, ಸ್ವರ ನಿಲ್ಲುವ ಕಾಲ ಎಂಬ ಮೂರು ಸಂಖ್ಯೆಗಳನ್ನು ಅಂಕಿಗಳ ಗುಂಡಿಗಳಿಂದ ಒತ್ತಬೇಕಿತ್ತು. ಅದೇ ಸಂಸ್ಥೆಯ 1982ರ ಎಸ್‌ಎಚ್-101 ಇದನ್ನು ಬಹಳ ಸರಳಗೊಳಿಸಿತು. 32 ಕೀಗಳ ಈ ವಾದ್ಯದಲ್ಲಿ ಒಂದು ಗುಂಡಿ ಒತ್ತಿ ಕೀಗಳನ್ನು ಒಂದಾದ ಮೇಲೊಂದರಂತೆ ಮುಟ್ಟಿದರೆ ಸಾಕು, 100 ಹೆಜ್ಜೆಗಳವರೆಗೆ ತುಂಬುತ್ತದೆ. ಮೌನಕ್ಕೊಂದು ಗುಂಡಿ, ಸ್ವರವನ್ನು ಮುಂದಿನ ಹೆಜ್ಜೆಗೆ ಎಳೆಯಲು ಇನ್ನೊಂದು. ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ವಾದ್ಯವಿದು. ತುಂಬಿದ್ದನ್ನು ತೋರಿಸುವ ಪರದೆಯೂ ಇರಲಿಲ್ಲ.

ನಂತರ ಬಂದ ದೊಡ್ಡ ಕೀಬೋರ್ಡ್‌ಗಳಲ್ಲಿ, ಉದಾಹರಣೆಗೆ 1988ರ ಕಾರ್ಗ್ ಎಂ1 ಮತ್ತು ಅದರ ಹಾದಿ ಹಿಡಿದ ವಾದ್ಯಗಳಲ್ಲಿ, ತುಂಬುವ ಮೊದಲೇ ಹೆಜ್ಜೆಯ ಅಳತೆಯನ್ನು ನಿಗದಿಪಡಿಸಬೇಕು. ಒಂದು ಎಣಿಕೆಗೆ ಎರಡು ಹೆಜ್ಜೆಯೋ, ನಾಲ್ಕೋ, ಮೂರೋ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. ನಿಮಿಷಕ್ಕೆ 120 ಎಣಿಕೆಗಳ ಕಾಲಪ್ರಮಾಣದಲ್ಲಿ ಎಣಿಕೆಗೆ ನಾಲ್ಕು ಹೆಜ್ಜೆಯಿಟ್ಟರೆ ಒಂದು ಹೆಜ್ಜೆ ಸೆಕೆಂಡಿನ ಎಂಟನೆಯ ಒಂದು ಭಾಗವಾಗುತ್ತದೆ. ಸ್ವರವು ತನ್ನ ಹೆಜ್ಜೆಯಲ್ಲಿ ಶೇಕಡಾ ಎಷ್ಟು ಭಾಗ ನಿಲ್ಲಬೇಕೆಂಬುದು ಮತ್ತೊಂದು ಆಯ್ಕೆ. ಶೇ. 100 ಇಟ್ಟರೆ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಶೇ. 50 ಇಟ್ಟರೆ ಕತ್ತರಿಸಿದಂತೆ ಕೇಳುತ್ತವೆ. ಸಾಮಾನ್ಯ ನುಡಿಸಾಣಿಕೆಗೆ 80ರ ಆಸುಪಾಸು ಹಿತ.

ಮೋಹನ ರಾಗದ ಆರೋಹಣ, ಅವರೋಹಣಗಳನ್ನು ಆದಿತಾಳದ ಒಂದು ಆವರ್ತಕ್ಕೆ ಕೂರಿಸುವುದನ್ನೇ ನೋಡಬಹುದು. ಎಂಟು ಅಕ್ಷರ, ಅಕ್ಷರಕ್ಕೆ ಎರಡರಂತೆ 16 ಹೆಜ್ಜೆ. ಮೊದಲ ಎಂಟರಲ್ಲಿ ಸ, ರಿ, ಗ, ಪ, ದ, ತಾರಸ್ಥಾಯಿಯ ಸ ಎಂದು ಆರು ಕೀಗಳನ್ನು ಒತ್ತಿ, ಕೊನೆಯ ಷಡ್ಜವನ್ನು ಎಳೆತದ ಗುಂಡಿಯಿಂದ ಇನ್ನೆರಡು ಹೆಜ್ಜೆ ಚಾಚಬೇಕು. ಮುಂದಿನ ಎಂಟರಲ್ಲಿ ಸ, ದ, ಪ, ಗ, ರಿ, ಸ. ಉಳಿದ ಎರಡು ಹೆಜ್ಜೆಗೆ ಮೌನ. ಹೊಸಬರು ಎಡವುವುದು ಈ ಮೌನದಲ್ಲಿಯೇ. ಸದ್ದಿಲ್ಲದ ಜಾಗಕ್ಕೆ ಏನನ್ನೂ ಒತ್ತಬೇಕಿಲ್ಲವೆಂದು ಭಾವಿಸಿದರೆ ಆವರ್ತ 14 ಹೆಜ್ಜೆಗೇ ಮುಗಿದು, ಎರಡನೆಯ ಸುತ್ತಿಗೆ ಮೃದಂಗದ ಸಮವೊಂದು ಕಡೆ, ರಾಗದ ಷಡ್ಜವೊಂದು ಕಡೆಯಾಗುತ್ತದೆ.

ಬೇಕೆಂದೇ 14ಕ್ಕೆ ನಿಲ್ಲಿಸಿದರೆ ಅದೇ ಮಿಶ್ರಛಾಪು. ತುಂಬಿದಷ್ಟು ಹೆಜ್ಜೆಗಳನ್ನೇ ಸುತ್ತುವ ಎಸ್‌ಎಚ್-101ನಂತಹ ಯಂತ್ರಕ್ಕೆ ಏಳೂ ಒಂದೇ, ಎಂಟೂ ಒಂದೇ. ಅಳತೆಯನ್ನು 16ಕ್ಕೆ ಕಟ್ಟಿಹಾಕಿದ ಯಂತ್ರಗಳಲ್ಲಿ ಮಾತ್ರ ಕೊನೆಯ ಹೆಜ್ಜೆ ಯಾವುದೆಂದು ಹೇಳಿಕೊಡಬೇಕಾಗುತ್ತದೆ.

ಹೆಜ್ಜೆ ತುಂಬುವ ಯಂತ್ರಗಳಲ್ಲಿ ಅತ್ಯಂತ ವಿಚಿತ್ರವಾದುದು ರೋಲ್ಯಾಂಡ್ ಟಿಬಿ-303. ಜೊತೆಗಾರರಿಲ್ಲದ ಗಿಟಾರ್ ವಾದಕರಿಗೆ ಬೇಸ್ ಗಿಟಾರಿನ ಬದಲಿಯಾಗಿ 1980ರ ದಶಕದ ಆರಂಭದಲ್ಲಿ ಬಂದ ಈ ಪುಟ್ಟ ಪೆಟ್ಟಿಗೆಯಲ್ಲಿ ಸ್ವರಗಳನ್ನು ಒಮ್ಮೆ, ಅವುಗಳ ಕಾಲವನ್ನು ಇನ್ನೊಮ್ಮೆ ಬೇರೆ ಬೇರೆಯಾಗಿ ತುಂಬಬೇಕು. ಎರಡೂ ಪಟ್ಟಿಗಳ ಲೆಕ್ಕ ತಾಳೆಯಾಗದಿದ್ದರೆ ಎಂದೂ ಉದ್ದೇಶಿಸದ ರಾಗವೊಂದು ಹೊರಬೀಳುತ್ತದೆ. ಮಾರುಕಟ್ಟೆಯಲ್ಲಿ ಸೋತು 1984ರಲ್ಲಿ ತಯಾರಿಕೆ ನಿಂತ ಈ ಯಂತ್ರವನ್ನು ಷಿಕಾಗೋದ ಯುವಕರು ಅಗ್ಗದ ಬೆಲೆಗೆ ಕೊಂಡು, 1987ರ ಹೊತ್ತಿಗೆ ಆಸಿಡ್ ಹೌಸ್ ಎಂಬ ನೃತ್ಯಸಂಗೀತವನ್ನೇ ಕಟ್ಟಿದರು.

ಅದಕ್ಕೂ ಮೊದಲೇ ಮುಂಬಯಿಯಲ್ಲಿ ಈ ಪೆಟ್ಟಿಗೆಯನ್ನು ರಾಗಸಂಗೀತದ ಬಳಿಗೆ ತಂದವರೊಬ್ಬರಿದ್ದರೆಂಬುದು ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಹಿಂದಿ ಚಿತ್ರರಂಗದ ವಾದಕ ಚರಣಜಿತ್ ಸಿಂಗ್ 1982ರಲ್ಲಿ ಟಿಬಿ-303, ತಾಳಕ್ಕೆ ಟಿಆರ್-808 ಮತ್ತು ಜುಪಿಟರ್-8 ಕೀಬೋರ್ಡ್‌ಗಳನ್ನು ಒಟ್ಟುಗೂಡಿಸಿ, ಭೈರವಿ, ಯಮನ್, ಮಾಲ್ಕೌಂಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ಧ್ವನಿಮುದ್ರಿಸಿದರು. ಅಂದು ಧ್ವನಿಮುದ್ರಿಕೆಯನ್ನು ಕೇಳಿದವರು ವಿರಳ. 2010ರಲ್ಲಿ ಅದು ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು. ಎಪ್ಪತ್ತರ ವಯಸ್ಸಿನಲ್ಲಿ ಹೊರದೇಶದ ವೇದಿಕೆಗಳನ್ನೇರಿದ ಸಿಂಗ್ 2015ರಲ್ಲಿ ನಿಧನರಾದರು.

ಆ ಧ್ವನಿಮುದ್ರಿಕೆಯಲ್ಲಿ ಯಂತ್ರ ಹಿಡಿದದ್ದೇನು, ಬಿಟ್ಟದ್ದೇನು ಎಂಬುದು ಕೇಳಿದೊಡನೆ ತಿಳಿಯುತ್ತದೆ. ಟಿಬಿ-303ರಲ್ಲಿ ಒಂದು ಸ್ವರದಿಂದ ಮುಂದಿನದಕ್ಕೆ ಜಾರುವ ಸೌಲಭ್ಯವಿದೆ. ನಮ್ಮ ಜಾರು ಗಮಕದ ನೆರಳು ಅದರಲ್ಲಿ ಸಿಗುತ್ತದೆ. ಆದರೆ ಜಾರುವ ವೇಗ ಎಲ್ಲೆಡೆ ಒಂದೇ. ಕರ್ನಾಟಕ ಸಂಗೀತದ ತೋಡಿಯ ಗಾಂಧಾರವು ತನ್ನ ಜಾಗದಲ್ಲಿ ನಿಲ್ಲದೆ ತೂಗುವಂಥದ್ದು. ಅದಕ್ಕೆ ಹೆಜ್ಜೆಯೊಂದರಲ್ಲಿ ಕೀಯೊಂದನ್ನು ಗೊತ್ತುಮಾಡಿದರೆ ರಾಗದ ಅಸ್ಥಿಪಂಜರ ದೊರೆತೀತೇ ಹೊರತು ಜೀವವಲ್ಲ.

ಇದಕ್ಕೆ ಸಾಕಷ್ಟು ಕೀಬೋರ್ಡ್‌ಗಳಲ್ಲಿ ಒಂದು ಮಧ್ಯಮಾರ್ಗವಿದೆ. ಸ್ವರಗಳನ್ನೆಲ್ಲ ಹೆಜ್ಜೆಯಾಗಿ ತುಂಬಿದ ಬಳಿಕ ಅದೇ ಟ್ರ್ಯಾಕನ್ನು ಓಡಿಸುತ್ತ, ಹಿಂದಿನದು ಅಳಿಯದಂತೆ ಮೇಲೆ ಬರೆಯುವ ಕ್ರಮವನ್ನು ಆರಿಸಿ, ಎಡಗೈಯಿಂದ ಪಿಚ್ ಬೆಂಡ್ ಚಕ್ರವನ್ನು ಮಾತ್ರ ತಿರುಗಿಸಬೇಕು. ಸ್ವರಗಳು ಅಲ್ಲಲ್ಲೇ ಇರುತ್ತವೆ, ತೂಗಾಟ ಕೈಯಿಂದ ಬರುತ್ತದೆ. ಚಕ್ರದ ವ್ಯಾಪ್ತಿಯನ್ನು ಮೊದಲೇ ಎರಡು ಅರ್ಧಸ್ವರಗಳಿಗೆ ಮಿತಿಗೊಳಿಸಿದರೆ ಕೈ ತಪ್ಪಿದರೂ ಸ್ವರ ದೂರ ಹಾರುವುದಿಲ್ಲ. ಪಂಕ್ತಿ ಮುಗಿದಾಗ ಚಕ್ರವನ್ನು ನಡುವಿಗೆ ತಂದು ಬಿಡಬೇಕು. ಇಲ್ಲವಾದರೆ ಮುಂದಿನ ಸುತ್ತು ಅಪಶ್ರುತಿಯಲ್ಲಿಯೇ ಆರಂಭವಾಗುತ್ತದೆ.